ಹಸುಗೂಸು ವಸ್ತುಗಳನ್ನೂ ಮುಖಭಾವಗಳನ್ನೂ ಗುರುತಿಸಲು ಹೇಗೆ ಕಲಿಯುತ್ತದೆ?

ಆಗತಾನೇ ಹುಟ್ಟಿದ ಮಗುವಿಗೂ ಕಣ್ಣು ಕಾಣುತ್ತದೆ, ಆದರೆ ಮಸುಕಾಗಿ. ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದಷ್ಟೇ ಒಂದಿಷ್ಟು ಸ್ಪಷ್ಟ. ಹಾಲು ಕುಡಿಯುವಾಗ ತಾಯಿಯ ಮುಖ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಮೊದಲ ವಾರಗಳಲ್ಲಿ ಅದರ ನೋಟ ಹೋಗುವುದು ಕಪ್ಪು-ಬಿಳುಪು ಸಂಧಿಸುವ ಅಂಚುಗಳತ್ತ: ಹಣೆಯ ಮೇಲೆ ಕೂದಲು ಶುರುವಾಗುವ ಗೆರೆ, ಗದ್ದದ ಅಂಚು. ಎರಡು ತಿಂಗಳ ಹೊತ್ತಿಗೆ ಅದು ಕಣ್ಣುಗಳ ಮೇಲೆ ನೆಲೆಸುತ್ತದೆ. ನಕ್ಕವರಿಗೆ ನಗು ಮರಳಿಸುವುದೂ ಸುಮಾರು ಆಗಲೇ.

ವಸ್ತುವನ್ನು ಬಿಡಿಯಾಗಿ ಗುರುತಿಸಲು ಚಲನೆಯೇ ದೊಡ್ಡ ಸುಳಿವು. ನಡುಭಾಗ ಮರೆಯಾದ ಕೋಲಿನ ಎರಡು ತುದಿಗಳು ಒಟ್ಟಿಗೆ ಅಲುಗಿದರೆ ನಾಲ್ಕು ತಿಂಗಳ ಮಗು ಅದನ್ನು ಒಂದೇ ಕೋಲೆಂದು ಗ್ರಹಿಸುತ್ತದೆ, ಅಲುಗದಿದ್ದರೆ ಇಲ್ಲ.

ಮುಖಭಾವದ ವಿಷಯ ಇನ್ನೂ ಸ್ವಾರಸ್ಯಕರ. ನಗು, ಸಿಟ್ಟು ಬೇರೆಬೇರೆ ಎಂದು ಕಣ್ಣಿಗೆ ತಿಳಿದ ಮಾತ್ರಕ್ಕೆ ಅವುಗಳ ಅರ್ಥ ತಿಳಿದಂತಲ್ಲ. ಅರ್ಥ ಬರುವುದು ತಡವಾಗಿ. ಇದಕ್ಕೆ ನನಗೆ ಮೆಚ್ಚುಗೆಯಾದ ಪುರಾವೆ 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ: ಗಾಜಿನ ಹಾಸು, ಅದರ ಕೆಳಗೆ ಕಾಣುವ ತಗ್ಗು, ಆಚೆ ತುದಿಯಲ್ಲಿ ತಾಯಿ. ಆಕೆಯ ಮುಖದಲ್ಲಿ ಸಂತೋಷವಿದ್ದಾಗ ಒಂದು ವರ್ಷದ 19 ಮಕ್ಕಳಲ್ಲಿ 14 ಮಕ್ಕಳು ಅಂಬೆಗಾಲಿಟ್ಟು ದಾಟಿದವು. ಹೆದರಿಕೆ ಕಂಡಾಗ 17ರಲ್ಲಿ ಒಂದೂ ದಾಟಲಿಲ್ಲ.