ಯಾವುದು ಕೊನೇ ಡ್ರಾಯಿಂಗು?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಸಣ್ಣ ಪ್ಲ್ಯಾನ್ ಆಫೀಸು. ಮೂವರು ಆಟೋಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತೇವೆ. ಸ್ಟ್ರಕ್ಚರಲ್ ಎಂಜಿನಿಯರ್ ಮೈಸೂರಿನಲ್ಲಿದ್ದಾರೆ. ಫೈಲುಗಳೆಲ್ಲ ವಾಟ್ಸಾಪ್‌ನಲ್ಲೇ ಓಡಾಡುತ್ತವೆ. ಮೊನ್ನೆ ಒಂದು 30×40 ಸೈಟಿನಲ್ಲಿ ಮೆಟ್ಟಿಲ ಪಕ್ಕದ ಕಾಲಂ ಹಳೇ ಜಾಗದಲ್ಲೇ ಎದ್ದುಬಿಟ್ಟಿತು. ಮೇಸ್ತ್ರಿ ಕೈಲಿದ್ದದ್ದು ಹಳೇ ಪ್ರಿಂಟು. ನಮ್ಮ ಫೋಲ್ಡರ್‌ನಲ್ಲಿ ‘ಫೈನಲ್’ ಅಂತಲೇ ನಾಲ್ಕು ಫೈಲುಗಳಿವೆ. ಯಾವ ಸಾಫ್ಟ್‌ವೇರ್ ತಗೋಬೇಕು? — ಓದುಗರು, ಮಂಡ್ಯ

ಉತ್ತರ: ಏನೂ ತಗೋಬೇಡಿ ಸ್ವಾಮಿ. ದುಡ್ಡು ಆ ಕಾಲಂ ಒಡೆಸೋದಕ್ಕೆ ಇಟ್ಟುಕೊಳ್ಳಿ.

ನಿಮ್ಮ ಪತ್ರದಲ್ಲಿ ಎರಡು ತೊಂದರೆ ಇವೆ. ಆಫೀಸಿನೊಳಗೆ ಮೂವರು ಒಂದೇ ಡ್ರಾಯಿಂಗಿಗೆ ಕೈ ಹಾಕೋದು ಒಂದು. ಬಾಗಿಲು ದಾಟಿ ಹೋದ ಡ್ರಾಯಿಂಗಿಗೆ ಲೆಕ್ಕ ಇಲ್ಲದಿರೋದು ಇನ್ನೊಂದು. ಕಾಲಂ ಕೆಡಿಸಿದ್ದು ಎರಡನೆಯದು. ಅದನ್ನೇ ಮೊದಲು ನೋಡೋಣ.

ನಾನು ಡ್ರಾಫ್ಟಿಂಗ್ ಕಲಿತದ್ದು ಮೈಸೂರಿನ ಚಾಮರಾಜಪುರಂನ ಒಂದು ಆಫೀಸಿನಲ್ಲಿ, ಟ್ರೇಸಿಂಗ್ ಶೀಟಿನ ಮೇಲೆ. ಮೂಲ ಶೀಟು ಒಂದೇ, ಬೀರುವಿನಲ್ಲಿ. ಹೊರಗೆ ಹೋಗುತ್ತಿದ್ದದ್ದು ಅಮೋನಿಯಾ ಪ್ರಿಂಟು, ಅಂದರೆ ಅಮೋನಿಯಾ ಹಬೆಯಲ್ಲಿ ತೆಗೆದ ನಕಲು. ಏನಾದರೂ ಬದಲಾದರೆ ಬ್ಲೇಡಿನಿಂದ ಇಂಕು ಕೆರೆದು ಹೊಸ ಗೆರೆ ಎಳೆದು, ಪಕ್ಕದಲ್ಲಿ ಪುಟ್ಟ ತ್ರಿಕೋನ ಬರೆದು ಒಳಗೆ ಒಂದು ಅಕ್ಷರ ಹಾಕಬೇಕಿತ್ತು. ಟೈಟಲ್ ಬ್ಲಾಕಿನ (ಶೀಟಿನ ಮೂಲೆಯಲ್ಲಿ ಡ್ರಾಯಿಂಗಿನ ಹೆಸರು, ನಂಬರು ಬರೆಯುವ ಚೌಕ) ಮೇಲಿನ ಪಟ್ಟಿಯಲ್ಲಿ ಅದೇ ಅಕ್ಷರ, ತಾರೀಖು, ಏನು ಬದಲಾಯ್ತು, ಯಾರು ಮಾಡಿದರು. ಆ ಪಟ್ಟಿ ನಿಮ್ಮ ಟೈಟಲ್ ಬ್ಲಾಕಿನಲ್ಲೂ ಇರುತ್ತದೆ. ಖಾಲಿ ಬಿದ್ದಿರುತ್ತದೆ, ಅಲ್ವಾ?

ಅದನ್ನು ತುಂಬಿಸಿ. ‘ತಿದ್ದಿದೆ’ ಅಂತ ಸುಮ್ನೆ ಬರೆದರೆ ಯಾರಿಗೂ ಉಪಯೋಗ ಇಲ್ಲ. ‘ಸಿ4 ಕಾಲಂ 9 ಅಂಗುಲ ಪೂರ್ವಕ್ಕೆ ಸರಿದಿದೆ’ ಅಂತ ಬರೆಯಿರಿ. ಕೆಲಸ ಮಾಡುವ ಫೈಲಿನ ಹೆಸರು ಎಂದಿಗೂ ಬದಲಾಗಬಾರದು. ‘ಫೈನಲ್’ ಅನ್ನೋ ಪದವನ್ನು ಆಫೀಸಿನಲ್ಲೇ ನಿಷೇಧಿಸಿ. ಡ್ರಾಯಿಂಗು ಹೊರಗೆ ಹೊರಟಾಗ ಮಾತ್ರ ಆರ್‌0, ಆರ್‌1, ಆರ್‌2 ಅಂತ ನಂಬರು ಕೊಟ್ಟು, ಪಿಡಿಎಫ್ ಮತ್ತು ಡಿಡಬ್ಲ್ಯುಜಿ (ಆಟೋಕ್ಯಾಡಿನ ಮೂಲ ಫೈಲು) ಎರಡರ ನಕಲನ್ನೂ ‘ಇಶ್ಯೂ’ ಅನ್ನೋ ಫೋಲ್ಡರಿಗೆ ಹಾಕಿ. ಅದರೊಳಗೆ ಯಾರೂ ತಿದ್ದುವಂತಿಲ್ಲ, ನೀವೂ ಸೇರಿ. ಸೈಟಿಗೆ ಪಿಡಿಎಫ್ ಮಾತ್ರ. ಮೇಸ್ತ್ರಿಯ ಹತ್ತಿರ ಹಳೇ ಪ್ರಿಂಟು ವಾಪಸ್ ಇಸ್ಕೊಳ್ಳದೆ ಹೊಸದು ಕೊಡಲೇಬೇಡಿ. ‘ಕಳೆದುಹೋಯ್ತು ಸಾರ್’ ಅಂತಾರೆ. ಸಿಮೆಂಟ್ ಶೆಡ್ಡಿನಲ್ಲಿ ಹುಡುಕಿಸಿ, ಸಿಗುತ್ತದೆ.

ಇನ್ನು ಆಫೀಸಿನೊಳಗೆ. ಫೈಲು ಆಫೀಸಿನ ಶೇರ್ಡ್ ಡ್ರೈವಿನಲ್ಲಿದ್ದರೆ, ಒಬ್ಬರು ತೆರೆದಾಗ ಎರಡನೆಯವರಿಗೆ ಅದು ಓದಲಿಕ್ಕೆ ಮಾತ್ರ ತೆರೆಯುತ್ತದೆ. ಯಾರು ಹಿಡಿದುಕೊಂಡಿದ್ದಾರೆ ಅಂತ ನೋಡಲು ‘ಹೂ-ಹ್ಯಾಸ್’ ಅನ್ನೋ ಕಮಾಂಡ್ ಇದೆ. ಗೂಗಲ್ ಡ್ರೈವ್ ತರಹದ ಸಿಂಕ್ ಫೋಲ್ಡರ್‌ನಲ್ಲಿ ಈ ಬೀಗವನ್ನು ನಂಬಬೇಡಿ. ಅಲ್ಲಿ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನ ನಕಲನ್ನು ತಿದ್ದುತ್ತಿರಬಹುದು.

ಕೆಲಸ ಹಂಚಿಕೊಳ್ಳಲು ಎಕ್ಸ್‌ರೆಫ್ ಬಳಸಿ, ಅಂದರೆ ಒಂದು ಡ್ರಾಯಿಂಗನ್ನು ನಕಲು ಮಾಡದೆ ಇನ್ನೊಂದರೊಳಗೆ ಕೊಂಡಿ ಹಾಕಿ ತೋರಿಸೋದು. ಗೋಡೆ, ಕಾಲಂ, ಸೆಂಟರ್ ಲೈನ್ ಇರುವ ಮೂಲ ಪ್ಲ್ಯಾನು ಒಂದೇ ಫೈಲಿನಲ್ಲಿ, ಒಬ್ಬರ ಕೈಯಲ್ಲಿ. ಎಲೆಕ್ಟ್ರಿಕಲ್, ಪ್ಲಂಬಿಂಗ್ ಮಾಡುವವರು ಅದನ್ನು ತಮ್ಮ ಫೈಲಿಗೆ ಅಟ್ಯಾಚ್ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಲಿ. ಮೂಲದವರು ಸೇವ್ ಮಾಡಿದ ಸ್ವಲ್ಪ ಹೊತ್ತಿನಲ್ಲಿ ಮಿಕ್ಕವರ ಪರದೆಯ ಬಲಮೂಲೆಯಲ್ಲಿ ಸೂಚನೆ ಬರುತ್ತದೆ. ರೀಲೋಡ್ ಒತ್ತಿದರೆ ಕಾಲಂ ಹೊಸ ಜಾಗದಲ್ಲಿ ಕಾಣುತ್ತದೆ. ಎಂಜಿನಿಯರಿಗೆ ಕಳಿಸುವಾಗ ಬರೀ ಒಂದು ಡಿಡಬ್ಲ್ಯುಜಿ ವಾಟ್ಸಾಪ್ ಮಾಡಿದರೆ ಅವರಿಗೆ ಗೋಡೆಗಳೇ ಕಾಣಿಸೋದಿಲ್ಲ. ‘ಇ-ಟ್ರಾನ್ಸ್‌ಮಿಟ್’ ಕೊಟ್ಟರೆ ಎಕ್ಸ್‌ರೆಫ್, ಫಾಂಟು ಎಲ್ಲ ಸೇರಿ ಒಂದು ಜಿಪ್ ಆಗುತ್ತದೆ. ಅದನ್ನು ಕಳಿಸಿ.

ಅವರಿಂದ ವಾಪಸ್ ಬಂದ ಫೈಲನ್ನು ಕಣ್ಣಳತೆಯಲ್ಲಿ ನೋಡಿ ಒಪ್ಪಬೇಡಿ. ಆಟೋಕ್ಯಾಡ್ 2019ರಿಂದ ‘ಡಿಡಬ್ಲ್ಯುಜಿ ಕಂಪೇರ್’ ಇದೆ. ಎರಡು ಡ್ರಾಯಿಂಗನ್ನು ಒಂದರ ಮೇಲೊಂದು ಇಟ್ಟು, ಎರಡರಲ್ಲೂ ಇರೋದನ್ನು ಬೂದು ಬಣ್ಣದಲ್ಲಿ, ಒಂದರಲ್ಲಿ ಮಾತ್ರ ಇರೋದನ್ನು ಹಸಿರು ಅಥವಾ ಕೆಂಪಿನಲ್ಲಿ ತೋರಿಸುತ್ತದೆ. ವ್ಯತ್ಯಾಸದ ಸುತ್ತ ಮೋಡದ ಗೆರೆಯನ್ನೂ ಎಳೆಯುತ್ತದೆ. ನಿಮ್ಮ ಸಿ4 ಕೆಂಪು ಒಂದು, ಹಸಿರು ಒಂದು ಅಂತ ಪಕ್ಕಪಕ್ಕದಲ್ಲೇ ನಿಂತಿರುತ್ತಿತ್ತು.

ಪ್ರಶ್ನೆ: ನನ್ನ ತಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ‘ಡ್ರಾಯಿಂಗುಗಳನ್ನು ಗಿಟ್‌ನಲ್ಲಿ ಹಾಕಕ್ಕಾ, ಎಲ್ಲಾ ಸರಿಹೋಗತ್ತೆ’ ಅಂತಾನೆ. ನಿಜವೇ? — ಆರ್ಕಿಟೆಕ್ಟ್, ವಿಜಯನಗರ, ಮೈಸೂರು

ಉತ್ತರ: ಅರ್ಧ ನಿಜ. ಗಿಟ್ ಅಂದರೆ ಪ್ರೋಗ್ರಾಂಗಳ ಹಳೇ-ಹೊಸ ಪ್ರತಿಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಅದನ್ನು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಬರೆದದ್ದು. ಪ್ರೋಗ್ರಾಂ ಅಂದರೆ ಸಾಲು ಸಾಲು ಅಕ್ಷರ. ಯಾವ ಸಾಲು ಬದಲಾಯ್ತು ಅಂತ ಗಿಟ್ ಹೇಳಬಲ್ಲದು, ಇಬ್ಬರ ತಿದ್ದುಪಡಿಯನ್ನು ಹೊಲಿದು ಒಂದು ಮಾಡಬಲ್ಲದು. ಡಿಡಬ್ಲ್ಯುಜಿ ಬೈನರಿ ಫೈಲು. ಅದರಲ್ಲಿ ಬಾಗಿಲು ಸರಿದರೂ ಗಿಟ್‌ಗೆ ಗೊತ್ತಾಗೋದು ‘ಫೈಲು ಬೇರೆಯಾಗಿದೆ’ ಅನ್ನೋದಷ್ಟೇ. ಹಳೇ ಪ್ರತಿಗಳನ್ನು ಯಾರು, ಯಾವಾಗ ಎನ್ನುವ ಟಿಪ್ಪಣಿ ಸಮೇತ ಕಾಪಾಡುತ್ತದೆ, ಅದು ಒಳ್ಳೆಯದೇ. ಇಬ್ಬರು ಒಂದೇ ಡ್ರಾಯಿಂಗ್ ತಿದ್ದಿದರೆ ಮಾತ್ರ ಒಬ್ಬರ ಕೆಲಸ ಕಸದ ಬುಟ್ಟಿಗೆ. ನಿಮ್ಮ ತಮ್ಮನಿಗೆ ಇಷ್ಟು ಹೇಳಿ, ಅವನಿಗೆ ಬೇಗ ಅರ್ಥವಾಗುತ್ತದೆ. ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ಡಿಸೈನ್ ಮಾಡುವವರು ಕೇಳಿದ್ದರೆ ಆನ್‌ಶೇಪ್ ಅನ್ನೋ ಡಿಸೈನ್ ಸಾಫ್ಟ್‌ವೇರ್ ನೋಡಿ ಅನ್ನುತ್ತಿದ್ದೆ. ಬ್ರೌಸರ್‌ನಲ್ಲೇ ನಡೆಯುವ ಅದರಲ್ಲಿ ಕವಲು ಒಡೆಯೋದು (ಬೇರೆ ಪ್ರತಿಯಲ್ಲಿ ತಿದ್ದೋದು), ಮತ್ತೆ ಸೇರಿಸೋದು ಎರಡೂ ಇವೆ. ಮನೆ ಪ್ಲ್ಯಾನಿಗೆ ಅದು ಸರಿಹೋಗುವ ಸಾಮಾನಲ್ಲ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಆಟೋಕ್ಯಾಡ್ ಫೈಲು ತೆರೆಯುತ್ತಿಲ್ಲ. — ವಿದ್ಯಾರ್ಥಿ, ಮದ್ದೂರು

ಉತ್ತರ: ಅದೇ ಫೋಲ್ಡರ್‌ನಲ್ಲಿ ಅದೇ ಹೆಸರಿನ ‘ಬಿಎಕೆ’ ಫೈಲು ಇರುತ್ತದೆ. ನಕಲು ಮಾಡಿ, ಹೆಸರಿನ ಬಾಲವನ್ನು (ಎಕ್ಸ್‌ಟೆನ್ಷನ್) ‘ಡಿಡಬ್ಲ್ಯುಜಿ’ ಅಂತ ಬದಲಿಸಿ ತೆರೆಯಿರಿ. ಕೊನೇ ಸೇವ್‌ಗಿಂತ ಹಿಂದಿನ ಸ್ಥಿತಿ ಸಿಗುತ್ತದೆ. ಅದಕ್ಕಿಂತ ಹೊಸದು ಬೇಕಿದ್ದರೆ ಆಪ್ಷನ್ಸ್‌ನಲ್ಲಿ ಆಟೋಮ್ಯಾಟಿಕ್ ಸೇವ್ ಜಾಗ ಯಾವುದು ಅಂತ ನೋಡಿ, ಅಲ್ಲಿ ‘ಎಸ್‌ವಿ’ ಮತ್ತು ಡಾಲರ್ ಗುರುತಿನ ಬಾಲ ಇರುವ ಫೈಲಿಗೂ ಹೀಗೇ ಮಾಡಿ. ಆಟೋಕ್ಯಾಡ್ ತಾನಾಗಿ 10 ನಿಮಿಷಕ್ಕೊಮ್ಮೆ ಅದನ್ನು ಬರೆಯುತ್ತದೆ. ಯುಪಿಎಸ್ ಬ್ಯಾಟರಿ ಬದಲಿಸುವ ತನಕ ಆ 10ನ್ನು 5 ಮಾಡಿಟ್ಟುಕೊಳ್ಳಿ.