ಪೊರಕೆ ಹಿಡಿದ ದಿನದಿಂದ ಶುರು ಮಾಡಿ

ನಮಸ್ಕಾರ.

ಹದಿನೇಳನೇ ಶತಮಾನದ ಜರ್ಮನ್ ಸಿಪಾಯಿ ಹೈನ್‌ರಿಷ್ ಫಾನ್ ಉಖ್ಟರಿಟ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಮಾಡಲು ಆಗುವುದಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ಮೂವತ್ತು ವರ್ಷಗಳ ಯುದ್ಧಕ್ಕೇ ಹೋಗಿದೆ. ಯಾವ ದೊರೆ ಯಾರ ಕಡೆ, ಯಾವ ಒಪ್ಪಂದ ಎಲ್ಲಿ ಅಂತ ಓದುತ್ತಾ ಹೋದ ಹಾಗೆ ನಿಮ್ಮ ಮನುಷ್ಯನೇ ಕಳೆದುಹೋದ. ಅಲ್ಲಿಂದ ನಮಗೆ ಬೇಕಾದ್ದು ಇಷ್ಟೇ: 1648ರಲ್ಲಿ ಆ ಯುದ್ಧ ಮುಗಿಯಿತು, ಕತ್ತಿ ಹಿಡಿಯುವುದೇ ಕಸುಬಾದವರಿಗೆ ಜರ್ಮನಿಯಲ್ಲಿ ಕೆಲಸ ಕಮ್ಮಿಯಾಯಿತು. ಇವನು ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಹೋರಾಡುತ್ತಿದ್ದ ಎರಡನೇ ಚಾರ್ಲ್ಸ್ ಕಡೆಯ ಬಾಡಿಗೆ ಸಿಪಾಯಿಯಾದ. 1651ರ ಸೆಪ್ಟೆಂಬರ್ 3ರಂದು ಇಂಗ್ಲೆಂಡಿನ ವೂಸ್ಟರ್‌ನಲ್ಲಿ ಸಂಸತ್ತಿನ ಕಡೆಯ ಸೇನಾಪತಿ ಕ್ರಾಮ್‌ವೆಲ್‌ನ ಸೇನೆ ಅವರನ್ನು ಸೋಲಿಸಿತು. ಚಾರ್ಲ್ಸ್ ತಪ್ಪಿಸಿಕೊಂಡ, ಇವನು ಸೆರೆ ಸಿಕ್ಕ. ಅವನನ್ನು ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪಕ್ಕೆ ಸಾಗಿಸಿದರು.

ಇನ್ನು ನಾಲ್ಕನೇ ಪುಟ. ‘ಬಾರ್ಬಡೋಸ್‌ನಲ್ಲಿ ಅನೇಕ ಕಷ್ಟಗಳನ್ನು ಅನುಭವಿಸಿದನು’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಲೇಖನ ಇರುವುದೇ ಅಲ್ಲಿ! 1666ರಲ್ಲಿ ಶ್ಲೆಸ್ವಿಗ್‌ನಲ್ಲಿ ಅಚ್ಚಾದ ಅವನ ಪುಟ್ಟ ಪ್ರವಾಸ ಕಥನವನ್ನು ಇನ್ನೊಮ್ಮೆ ನೋಡಿ. ಹಡಗಿನಲ್ಲಿ ಬಂದ ಕೈದಿಗಳನ್ನು ದ್ವೀಪದಲ್ಲಿ ಮಾರಿದರು. ತಲೆಗೆ 800 ಪೌಂಡ್ ತೂಕದ ಸಕ್ಕರೆ. ಅಲ್ಲಿ ಸಕ್ಕರೆಯೇ ದುಡ್ಡಿನ ಹಾಗೆ ಓಡುತ್ತಿದ್ದ ಕಾಲ ಅದು. ನಮ್ಮ ಲೆಕ್ಕಕ್ಕೆ 50 ಕೆಜಿಯ ಏಳು ಮೂಟೆ. ಒಂದು ಕಡೆ ಏಳು ಮೂಟೆ, ಇನ್ನೊಂದು ಕಡೆ ಒಬ್ಬ ಮನುಷ್ಯ. ಆಮೇಲೆ ಮೊದಲ ದಿನ ತೋಟದ ಅಂಗಳ ಗುಡಿಸಿದ. ಇನ್ನೊಂದು ದಿನ ಹಂದಿಗಳಿಗೆ ತಿನ್ನಲು ಹಾಕಿದ. ಅಲ್ಲಿಂದ ಮುಂದೆ ಗುಲಾಮರು ಮಾಡುವ ಕೆಲಸ. ಊಟಕ್ಕೆ ಬರೀ ಗೆಡ್ಡೆ. ಇದನ್ನೆಲ್ಲ ಅವನೇ ಹೇಳಿದ್ದಾನೆ. ದೊಡ್ಡ ಮನೆತನದವನು, ಕತ್ತಿ ಹಿಡಿದವನು, ಈಗ ಕೈಯಲ್ಲಿ ಪೊರಕೆ. ಇದಕ್ಕಿಂತ ಒಳ್ಳೆ ಆರಂಭ ಸಿಗುತ್ತಾ?

ಹಡಗಿನಲ್ಲಿ ಅವನು ತಾಯಿಯನ್ನು ನೆನೆದು ಅಳುವ ದೃಶ್ಯ ತೆಗೆದುಬಿಡಿ. ಚೆನ್ನಾಗಿ ಬರೆದಿದ್ದೀರಿ, ಆದರೆ ಅದು ನೀವು ಕಟ್ಟಿದ್ದು. ‘ರಾಜವಂಶದ ಕುಡಿ’ ಅನ್ನುವುದೂ ತಪ್ಪು. ಕುಲೀನ ಮನೆತನದವನು, ಅಷ್ಟೇ. ದೊರೆಯ ಮಗನಲ್ಲ.

ದೊಡ್ಡ ತಕರಾರು ಇರುವುದು ಕೊನೆಯ ಪುಟದಲ್ಲಿ. ‘ಧೈರ್ಯದಿಂದ ಸೆರೆ ಗೆದ್ದು ಬಂದ ವೀರ’ ಎಂದಿದ್ದೀರಿ. ಹಾಗಲ್ಲ ಅಲ್ವಾ? ಕೆಲವೇ ತಿಂಗಳಲ್ಲಿ ಜರ್ಮನ್ ವರ್ತಕರು ಬೆಲೆ ಕೊಟ್ಟು ಅವನನ್ನು ಬಿಡಿಸಿದರು. ತನ್ನ ಯಜಮಾನನ ತೋಟದಲ್ಲಿ ನೂರು ಕ್ರೈಸ್ತರು, ನೂರು ಆಫ್ರಿಕನ್ನರು, ನೂರು ಇಂಡಿಯನ್ನರು ಇದ್ದರೆಂದು ಅವನೇ ಲೆಕ್ಕ ಕೊಡುತ್ತಾನೆ. (ಇಂಡಿಯನ್ನರು ಅಂದರೆ ಅಮೆರಿಕದ ಮೂಲನಿವಾಸಿಗಳು. ನೀವು ‘ಭಾರತೀಯರು’ ಎಂದು ಬರೆದಿದ್ದೀರಿ, ದಯವಿಟ್ಟು ತಿದ್ದಿ.) ಆಫ್ರಿಕದಿಂದ ಹಿಡಿದು ತಂದವರಿಗೆ ಬಿಡುಗಡೆಯ ವಾಯಿದೆಯೇ ಇರಲಿಲ್ಲ. ಅವರ ಮಕ್ಕಳೂ ಗುಲಾಮರೇ. ಆ ದ್ವೀಪದಲ್ಲಿ ಗುಲಾಮಗಿರಿಯನ್ನು ಕಾನೂನು ತೆಗೆದುಹಾಕಿದ್ದು 1834ರಲ್ಲಿ. ನೀವು ಇವನಿಗೂ ಅವರಿಗೂ ‘ಗುಲಾಮ’ ಎಂಬ ಒಂದೇ ಪದ ಹಾಕಿದ್ದು ಓದಿ ನನಗೆ ಕಸಿವಿಸಿಯಾಯಿತು. ಇವನನ್ನು ‘ಮಾರಾಟವಾದ ಕೈದಿ’ ಎನ್ನಿ.

ಲೇಖನವನ್ನು ಅರ್ಧಕ್ಕೆ ಇಳಿಸಿ. ಅವನು ಊರಿಗೆ ಮರಳಿದ್ದು ನಾಲ್ಕು ಸಾಲಿನಲ್ಲಿ ಮುಗಿಯಲಿ. ಅವನು ಹಡಗು ಹತ್ತಿದ ಮೇಲೂ ನೀವು ಸ್ವಲ್ಪ ಹೊತ್ತು ಆ ಅಂಗಳದಲ್ಲೇ ನಿಂತು, ಮಾರನೇ ದಿನ ಅದನ್ನು ಗುಡಿಸಬೇಕಾದವರ ಬಗ್ಗೆ ಒಂದು ಪ್ಯಾರಾ ಬರೆಯಿರಿ. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದರೆ ನಾನೇ ಕೂತು ನೋಡುತ್ತೇನೆ.

ನಿಮ್ಮ,
ಸಂಪಾದಕ