ಶಿಕ್ಷಕರಾಗಿದ್ದ, ಸೈಕಲ್ ಪ್ರಿಯರಾಗಿದ್ದ ದೊಡ್ಡಪ್ಪನ ನುಡಿನಮನದಲ್ಲಿ ನಾನು ಏನು ಮಾತನಾಡಲಿ?

ನಿಮ್ಮ ದೊಡ್ಡಪ್ಪ ಶಿಕ್ಷಕರಾಗಿದ್ದರು, ಹಾಸಿಗೆ ಹಿಡಿದ ದೊಡ್ಡಮ್ಮನನ್ನು ವರ್ಷಗಟ್ಟಲೆ ನೋಡಿಕೊಂಡರು, ಸೈಕಲ್ ಎಂದರೆ ಅವರಿಗೆ ಪ್ರಾಣ ಎಂದು ಬರೆದಿದ್ದೀರಿ. ಐದು ನಿಮಿಷದಲ್ಲಿ ಈ ಮೂರನ್ನೂ ಹೇಗೆ ಹೇಳಲಿ ಎಂದು ಕೇಳಿದ್ದೀರಿ. ಗುಣಗಳನ್ನು ಹೊಗಳುವುದನ್ನು ಬಿಟ್ಟು, ಅವರು ಕೈಯಾರೆ ಮಾಡಿದ ಕೆಲಸಗಳನ್ನು ಹೇಳಿ. ಆರೈಕೆಯ ಕೆಲಸವನ್ನಂತೂ ಬಿಡಿಸಿಯೇ ಹೇಳಿ.

ವಿಜಯಪುರದ ನಮ್ಮ ಕಾಕಾ ಹೀಗೆಯೇ ಬದುಕಿದವರು. ಅವರ ನುಡಿನಮನದಲ್ಲಿ ಎದ್ದು ನಿಂತವರೆಲ್ಲ ತಾಯಿಯ ಸೇವೆ ಮಾಡಿದ ಪುಣ್ಯವಂತ ಎಂದು ಹೇಳಿ ಕುಳಿತರು. ಆ ಸೇವೆಯೊಳಗೆ ಏನೇನಿತ್ತು ಎಂದು ಒಬ್ಬರೂ ಹೇಳಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಹಾಗಾಗಿ ನಿಮಗೆ ಅವರ ಬಗ್ಗೆಯೇ ಹೇಳುತ್ತೇನೆ.

ನಮ್ಮ ಆಯಿಗೆ, ಅಂದರೆ ಕಾಕಾನ ತಾಯಿಗೆ, ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ನಿಂತಿತು. ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಮಿದುಳಿನ ಎಡಭಾಗದಲ್ಲಿರುವುದರಿಂದ ಬಲಗಡೆಯ ಅಂಗಗಳ ಜೊತೆಗೆ ಮಾತೂ ಹೋಗುವುದುಂಟು. ಕಾಕಾ ಅಂದಿನಿಂದ ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಆಯಿಯ ಮಗ್ಗುಲು ಬದಲಿಸತೊಡಗಿದರು. ಶಾಲೆಯ ವೇಳೆಯಲ್ಲಿ ಆ ಕೆಲಸ ನಮ್ಮ ಅವ್ವನದು, ಉಳಿದ ಹೊತ್ತೆಲ್ಲ ಅವರದೇ. ಬೆಳಿಗ್ಗೆ ಮೈ ಒರೆಸುವಾಗ ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಣ್ಣ ತಿಳಿಯಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಗುರುತು. ಅಂಥ ಜಾಗವನ್ನು ತಿಕ್ಕಬಾರದು, ಅದರ ಮೇಲೆ ಭಾರ ಬೀಳದಂತೆ ಮಲಗಿಸಬೇಕು. ನುಂಗುವಾಗ ತೆಳು ನೀರು ಶ್ವಾಸನಾಳಕ್ಕೆ ಜಾರುತ್ತಿದ್ದುದರಿಂದ ಆಯಿಗೆ ಅಂಬಲಿಯನ್ನು ಗಟ್ಟಿಯಾಗಿ ಕಾಯಿಸುತ್ತಿದ್ದರು. ನೆಟ್ಟಗೆ ಕೂರಿಸಿ, ಗದ್ದವನ್ನು ಸ್ವಲ್ಪ ತಗ್ಗಿಸಿ, ಚಮಚದಿಂದ ತಿನ್ನಿಸುತ್ತಿದ್ದರು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸುತ್ತಿರಲಿಲ್ಲ. ನೋಡಲು ಬಂದವರು ಪ್ರೀತಿಯಿಂದಲೇ ಆಯಿಯ ಬಲಗೈ ಹಿಡಿದು ಎಬ್ಬಿಸಲು ಹೋದರೆ ತಡೆಯುತ್ತಿದ್ದರು. ಸ್ವಾಧೀನ ತಪ್ಪಿದ ಕೈಯನ್ನು ಜಗ್ಗಿದರೆ ಭುಜದ ಕೀಲು ಸರಿಯಬಹುದು.

ಗಂಡಸಾಗಿ ಹೆಣ್ಣುಮಗಳ ಸೀರೆ ಬದಲಿಸುವುದೇ ಎಂದು ಬಂಧುಗಳು ಆಡಿಕೊಂಡರು. ಕಾಕಾ ಅವರನ್ನು ಕೇಳಲಿಲ್ಲ, ಆಯಿಯನ್ನೇ ಕೇಳಿದರು. ಆಯಿ ಎಡಗೈ ಎತ್ತಿದರೆ ಬೇಡ ಎಂದು. ಆಗ ಅವ್ವನನ್ನು ಕರೆದು ತಾವು ಹೊರಗೆ ಬರುತ್ತಿದ್ದರು. ಮಾತು ಬಾರದವರ ಇಷ್ಟಾನಿಷ್ಟಗಳನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಇನ್ನೊಬ್ಬರನ್ನು ನಾನು ನೋಡಿಲ್ಲ.

ಆಯಿಗೆ ನೀರು ಎಂದು ಕೇಳಲು ಬಾಯಿ ತಿರುಗುತ್ತಿರಲಿಲ್ಲ. ಒಂದು ದಿನ ಕಾಕಾ ತಾವಾಗಿ ಬೀಸುವ ಪದವೊಂದನ್ನು ಗುನುಗಿದಾಗ ಮುಂದಿನ ಸಾಲು ಆಯಿಯ ಬಾಯಿಂದ ಬಂತು! ಮಾತು ಹೋದವರಲ್ಲೂ ಹಾಡು, ಎಣಿಕೆ, ವಾರಗಳ ಹೆಸರು ಉಳಿದಿರುವುದುಂಟು. ಕಾಕಾನ ಒಳಗಿನ ಮೇಷ್ಟ್ರು ಅದನ್ನು ಬಿಡಲಿಲ್ಲ. ದಿನಾ ಸಂಜೆ ಒಂದರಿಂದ ಹತ್ತರವರೆಗೆ ಇಬ್ಬರೂ ಎಣಿಸುತ್ತಿದ್ದರು, ಆಮೇಲೆ ಪದ. ಆಯಿಯ ಮಾತು ಮರಳಿತೆಂದಲ್ಲ. ಆದರೆ ಸಂಜೆಯಾದರೆ ಆಯಿಯ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು.

ಪ್ರೌಢಶಾಲೆಯಲ್ಲಿ ಅವರದು ಗಣಿತ, ವಿಜ್ಞಾನ. ಸೈಕಲ್ಲನ್ನು ತರಗತಿಯೊಳಗೇ ತರುತ್ತಿದ್ದರು. ಟೈರಿಗೆ ಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ನೆಲವನ್ನು ಅಳೆಸುತ್ತಿದ್ದರು. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಅದನ್ನು ಗಾಲಿಯ ವ್ಯಾಸದಿಂದ ಭಾಗಿಸಿದರೆ ಪೈ ಕೈಗೆ ಸಿಕ್ಕಿತು. ಮುಂದಿನ ಹಲ್ಲುಗಾಲಿಯಲ್ಲಿ 44 ಹಲ್ಲು, ಹಿಂದಿನದರಲ್ಲಿ 18. ಹಾಗಾದರೆ ಪೆಡಲ್ ಒಂದು ಸುತ್ತು ತಿರುಗಿದರೆ ಎಷ್ಟು ದೂರ? ಐದು ಮೀಟರಿಗೂ ಹೆಚ್ಚು ಎಂದು ಲೆಕ್ಕ ಹಾಕಿ, ಅಂಗಳಕ್ಕೆ ಹೋಗಿ ತುಳಿದು ನೋಡಬೇಕು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ಅವರು ಮೊದಲು ಕಲಿಸಿದ್ದು ಪಂಕ್ಚರ್ ಹಾಕುವುದನ್ನು, ಅದೂ ಹೆಣ್ಣುಮಕ್ಕಳಿಗೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದು, ಉಜ್ಜುವುದು, ಸೊಲ್ಯೂಷನ್ ಸವರಿ ಅದು ಸ್ವಲ್ಪ ಒಣಗುವವರೆಗೆ ಕಾದು ತೇಪೆ ಒತ್ತುವುದು. ದಾರಿಯಲ್ಲಿ ಸೈಕಲ್ ಕೆಟ್ಟರೆ ಆ ಮಕ್ಕಳನ್ನು ಶಾಲೆ ಬಿಡಿಸಿಬಿಡುತ್ತಾರೆ ಎಂಬ ಭಯ ಕಾಕಾನಿಗೆ ನಿಜವಾಗಿಯೂ ಇತ್ತು.

ಇನ್ನು ಸೈಕಲ್ ಸವಾರಿ. ವಿಜಯಪುರ, ಬಾಗಲಕೋಟೆಯ ಕಡೆ ಸೈಕಲ್ ಓಟಗಾರರಿಗೆ ಬರವಿಲ್ಲ. ರಾಷ್ಟ್ರಮಟ್ಟದವರು ಹುಟ್ಟಿದ ನೆಲ ಅದು. ಕಾಕಾ ಸ್ಪರ್ಧೆಗೆ ಇಳಿದವರಲ್ಲ. ಬೆಳಗಿನ ಜಾವ ಒಂದು ಗಂಟೆಯ ಹೊತ್ತು ಆಯಿಯ ಬಳಿ ಅವ್ವನನ್ನು ಕೂರಿಸಿ ಹೊರಡುತ್ತಿದ್ದರು. ಭಾನುವಾರ ಆಯಿಯ ಬಳಿ ಕೂರಲು ಯಾರಾದರೂ ಸಿಕ್ಕರೆ ನಲವತ್ತು ಕಿಲೋಮೀಟರಿಗೂ ಆಚೆಯ ಬಸವನ ಬಾಗೇವಾಡಿಯವರೆಗೆ. ಆಷಾಢದಲ್ಲಿ ಪಡುವಣ ಗಾಳಿ ಎದೆಗೆ ಒತ್ತುವಾಗ ಬಾಗಿ ತುಳಿಯುವುದು ಅವರಿಗೆ ಖುಷಿ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಗಾಲಿಯೇ ತಿರುಗುತ್ತಿರಲಿಲ್ಲ. ಕಡ್ಡಿಯಿಂದ ಕೆರೆದು ಮುಂದೆ ಹೋಗಬೇಕು. ತಾಯಿ ಹಾಸಿಗೆಯಲ್ಲಿರುವಾಗ ಇವನಿಗೆ ಸೈಕಲ್ ಬೇಕೇ ಎಂಬ ಮಾತೂ ಬಂತು. ಕಾಕಾ ಆ ಒಂದು ಗಂಟೆಯನ್ನು ಬಿಟ್ಟುಕೊಡಲಿಲ್ಲ. ಬಿಡದೆ ಇದ್ದದ್ದೇ ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದನ್ನು ಆರೈಕೆಗೆ ಬಲ ಕೊಡುವ ಔಷಧಿ ಎಂದು ಸಮರ್ಥಿಸಬೇಕಾಗಿಯೂ ಇಲ್ಲ. ಅವರಿಗೆ ಸೈಕಲ್ ಇಷ್ಟವಿತ್ತು, ಅಷ್ಟೇ.

ನಿಮ್ಮ ದೊಡ್ಡಪ್ಪನ ವಿಷಯದಲ್ಲಿ ಇಂಥ ವಿವರಗಳನ್ನು ಈಗಲೇ ಕೇಳಿಡಿ. ರಾತ್ರಿ ಎಷ್ಟು ಬಾರಿ ಏಳುತ್ತಿದ್ದರು, ದೊಡ್ಡಮ್ಮನಿಗೆ ಏನನ್ನು ಹೇಗೆ ತಿನ್ನಿಸುತ್ತಿದ್ದರು ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ಯಾವ ದಾರಿ ಹಿಡಿಯುತ್ತಿದ್ದರು ಎಂಬುದು ಅವರ ಸೈಕಲ್ ರಿಪೇರಿ ಮಾಡುತ್ತಿದ್ದವರಿಗೆ ಗೊತ್ತಿರಬಹುದು. ಅವರು ಸವಾರಿಗೆ ಹೋದಾಗ ದೊಡ್ಡಮ್ಮನ ಪಕ್ಕದಲ್ಲಿ ಕೂರುತ್ತಿದ್ದವರ ಹೆಸರನ್ನು ಸಭೆಯಲ್ಲಿ ಹೇಳಿ. ನಮ್ಮ ಅವ್ವನ ಹೆಸರನ್ನು ಅಂದು ಯಾರೂ ಹೇಳಲಿಲ್ಲ. ನಿಮ್ಮ ಐದು ನಿಮಿಷದಲ್ಲಿ ಎರಡನ್ನು ಅವರ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಬಿಟ್ಟುಕೊಟ್ಟರೆ, ತರಗತಿಯ ಭಾಗವನ್ನು ಅವರೇ ನಿಮಗಿಂತ ಚೆನ್ನಾಗಿ ಹೇಳುತ್ತಾರೆ.